ಗೃಹಭಂಡಾರದ ಅಂಕಿಬೀಗ: ಅದರ ಚರಿತ್ರೆ ಮತ್ತು ಜೀರ್ಣೋದ್ಧಾರ

ಬೆಲೆಯುಳ್ಳ ವಸ್ತುವನ್ನು ಸಂಪಾದಿಸುವುದು ಒಂದು ಕಷ್ಟವಾದರೆ, ಸಂಪಾದಿಸಿದುದನ್ನು ಕಾಪಾಡುವುದು ಇನ್ನೊಂದು ಕಷ್ಟ. ಈ ಎರಡನೆಯ ಕಷ್ಟದಿಂದಲೇ ಬೀಗವೆಂಬ ಸಾಧನವು ಹುಟ್ಟಿತು. ಮರದ ಅಗುಳಿಯಿಂದ ಕಬ್ಬಿಣದ ಬೀಗಕ್ಕೆ, ಕಬ್ಬಿಣದ ಬೀಗದಿಂದ ಉಕ್ಕಿನ ತಿಜೋರಿಗೆ ಮಾನವನು ಸಾಗಿಬಂದ ದಾರಿ ದೀರ್ಘವಾದುದು. ಆ ದಾರಿಯಲ್ಲಿ ಬೀಗದಕೈಯೇ ಇಲ್ಲದ ಒಂದು ವಿಚಿತ್ರ ಬೀಗವೂ ಕಾಣಿಸಿಕೊಂಡಿತು. ಅದನ್ನು ತೆರೆಯಲು ಲೋಹದ ತುಂಡು ಬೇಡ. ಕೆಲವು ಅಂಕಿಗಳ ನೆನಪು ಸಾಕು. ಜನರು 'ನಂಬರ್ ಬೀಗ'ವೆಂದು ಕರೆಯುವ ಈ ಅಂಕಿಬೀಗವು ಬ್ಯಾಂಕುಗಳ ಖಜಾನೆಯಿಂದ ಹೊರಟು ಸಿರಿವಂತರ ಮನೆಗಳನ್ನೂ ಸೇರಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೂ ಅಮೆರಿಕದಲ್ಲಿ ಕಟ್ಟಲ್ಪಟ್ಟ ಹಲವು ದೊಡ್ಡ ಮನೆಗಳಲ್ಲಿ ಬೆಳ್ಳಿಯ ಪಾತ್ರೆ, ಒಡವೆ, ದಸ್ತಾವೇಜುಗಳಿಗಾಗಿ ದಪ್ಪ ಗೋಡೆಯ ಕೋಣೆಯೊಂದನ್ನು ಕಟ್ಟಿ, ಅದಕ್ಕೆ ಅಂಕಿಬೀಗವಿರುವ ಕಬ್ಬಿಣದ ಬಾಗಿಲನ್ನು ಕೂರಿಸುತ್ತಿದ್ದರು. ಕಟ್ಟಿಸಿದವರು ಕಾಲವಾದರು, ಮನೆಗಳು ಕೈಬದಲಾದವು, ಬಾಗಿಲು ಮಾತ್ರ ತನ್ನ ಗುಟ್ಟನ್ನು ಬಿಡದೆ ನಿಂತಿತು. ಅಂಥ ಬಾಗಿಲಿನ ಬೀಗವನ್ನು ಮತ್ತೆ ಜೀವಂತಗೊಳಿಸುವುದು ಹೇಗೆಂಬುದನ್ನು ತಿಳಿಯಬೇಕಾದರೆ ಆ ಬೀಗದ ಚರಿತ್ರೆಯನ್ನು ಮೊದಲು ಅರಿಯಬೇಕು.

ಅಕ್ಷರದಿಂದ ಅಂಕಿಗೆ

ಬೀಗದಕೈ ಇಲ್ಲದ ಬೀಗವು ಯುರೋಪಿನ ಯಂತ್ರಯುಗದ ಸೃಷ್ಟಿಯೆಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. ಆರ್ತುಕಿದ್ ದೊರೆಗಳ ಆಶ್ರಯದಲ್ಲಿದ್ದ ಯಂತ್ರಶಿಲ್ಪಿ ಅಲ್-ಜಝಾರಿಯು ಕ್ರಿ.ಶ. ೧೨೦೬ರಲ್ಲಿ ಮುಗಿಸಿದ ತನ್ನ ಯಂತ್ರಗ್ರಂಥದಲ್ಲಿ ಪೆಟ್ಟಿಗೆಯೊಂದಕ್ಕೆ ಅಳವಡಿಸುವ ಅಕ್ಷರಬೀಗವನ್ನು ಚಿತ್ರಸಹಿತವಾಗಿ ವರ್ಣಿಸಿದ್ದಾನೆ. ಮುಚ್ಚಳದ ಮೇಲೆ ನಾಲ್ಕು ಬಿಲ್ಲೆಗಳು. ಬಿಲ್ಲೆಗಳ ಸುತ್ತ ಅಕ್ಷರಗಳು. ನಿಯಮಿತ ಅಕ್ಷರಗಳು ಗುರುತಿಗೆ ಸರಿಯಾಗಿ ಬಂದಾಗಲೇ ಮುಚ್ಚಳವು ಮೇಲೇಳುತ್ತಿತ್ತು. ಆ ಗ್ರಂಥಕ್ಕೂ ಕೆಲವು ವರ್ಷ ಮೊದಲು, ೧೨೦೦-೦೧ರ ಸುಮಾರಿಗೆ, ಇಸ್ಫಹಾನಿನ ಶಿಲ್ಪಿಯೊಬ್ಬನು ರಚಿಸಿದ ಇಂಥದೇ ಪೆಟ್ಟಿಗೆಯೊಂದು ಇಂದಿಗೂ ಉಳಿದುಬಂದಿದೆ. ಆತನ ಹೆಸರಿನೊಡನೆ ಬರುವ 'ಅಸ್ತುರ್ಲಾಬಿ' ಎಂಬ ಬಿರುದು ಆತನು ನಕ್ಷತ್ರಗಳ ಎತ್ತರವನ್ನು ಅಳೆಯುವ ಉಪಕರಣಗಳನ್ನು ಮಾಡುವ ಕಸುಬಿನವನೆಂಬುದನ್ನು ಸೂಚಿಸುತ್ತದೆ. ಆಕಾಶವನ್ನು ಅಳೆಯುವ ಕೈಯೇ ಪೆಟ್ಟಿಗೆಯ ಬೀಗವನ್ನೂ ಮಾಡಿತೆಂಬುದು ಆಕಸ್ಮಿಕವಲ್ಲ. ಸೂಕ್ಷ್ಮವಾಗಿ ಭಾಗಿಸಿದ ವೃತ್ತವನ್ನು ಕೊರೆಯಬಲ್ಲವನು ಮಾತ್ರ ಈ ಬಗೆಯ ಬೀಗವನ್ನು ರಚಿಸಬಲ್ಲನು.

ಆದರೆ ಮುಂದಿನ ಹಲವು ಶತಮಾನಗಳ ಕಾಲ ಜಗತ್ತು ಹೆಚ್ಚಾಗಿ ನಂಬಿದುದು ಬೀಗದಕೈಯನ್ನೇ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ೧೭೮೪ರಲ್ಲಿ ಹೊಸ ಬಗೆಯ ಬೀಗಕ್ಕೆ ಹಕ್ಕುಪತ್ರವನ್ನು ಪಡೆದನು. ಲಂಡನ್ನಿನ ಪಿಕಡಿಲಿ ಬೀದಿಯ ಅಂಗಡಿಯಲ್ಲಿ ಅಂಥ ಒಂದು ಬೀಗವನ್ನಿರಿಸಿ, ಕೈ ಇಲ್ಲದೆ ಅದನ್ನು ತೆರೆದವರಿಗೆ ೨೦೦ ಗಿನಿಗಳ ಬಹುಮಾನವನ್ನು ಸಾರಲಾಗಿತ್ತು. ೧೮೧೮ರಲ್ಲಿ ಜೆರೆಮಿಯಾ ಚಬ್ಬನು ರಚಿಸಿದ ಬೀಗಕ್ಕೆ ಮತ್ತೊಂದು ವಿಶೇಷ ಗುಣವಿತ್ತು. ಬೇರೆ ಕೈಯನ್ನೋ ಕಡ್ಡಿಯನ್ನೋ ಹಾಕಿದರೆ ಅದು ಸಿಕ್ಕಿಕೊಂಡು, ಯಾರೋ ಪ್ರಯತ್ನಿಸಿದ್ದಾರೆಂಬುದನ್ನು ಒಡೆಯನಿಗೆ ತಿಳಿಸುತ್ತಿತ್ತು. ಇವೆರಡೂ ಅಭೇದ್ಯವೆಂದು ಆ ದೇಶದ ಜನ ನೆಮ್ಮದಿಯಿಂದಿದ್ದರು.

೧೮೫೧ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸನು ಈ ನೆಮ್ಮದಿಯನ್ನು ಕದಡಿದನು. ಚಬ್ಬನ ಬೀಗವನ್ನು ಆತನು ೨೫ ನಿಮಿಷಗಳಲ್ಲಿ ಬಿಚ್ಚಿದನು. ಬ್ರಾಮಾನ ಬೀಗಕ್ಕೆ ೧೬ ದಿನಗಳಲ್ಲಿ ಹಂಚಿದ ೫೧ ಗಂಟೆಗಳ ದುಡಿಮೆ ಬೇಕಾಯಿತು. ಆದರೂ ಅದು ತೆರೆಯಿತು. ಬೀಗದ ದೋಷವನ್ನು ಬಹಿರಂಗಪಡಿಸುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೇ ಎಂಬ ಆಕ್ಷೇಪವು ಆಗ ಎದ್ದಿತು. ಕಳ್ಳರಿಗೆ ಅವರ ಕಸುಬು ಮೊದಲೇ ತಿಳಿದಿರುತ್ತದೆ, ತಿಳಿಯದವರು ಬೀಗವನ್ನು ಕೊಳ್ಳುವ ಸಜ್ಜನರು ಮಾತ್ರ ಎಂಬುದು ಹಾಬ್ಸನ ಪಕ್ಷದವರ ಉತ್ತರವಾಗಿತ್ತು. ಈ ವಾದದಲ್ಲಿ ತಥ್ಯವಿದೆಯೆಂಬುದನ್ನು ಮುಂದಿನ ಬೀಗಗಳ ಚರಿತ್ರೆಯೇ ತೋರಿಸಿಕೊಟ್ಟಿತು.

ಅಮೆರಿಕದ ಲೈನಸ್ ಯೇಲ್ (ಕಿರಿಯ) ಎಂಬಾತನು ಈ ಘಟನೆಗಳಿಂದ ಒಂದು ನಿರ್ಣಯಕ್ಕೆ ಬಂದನು. ಬೀಗಕ್ಕೆ ರಂಧ್ರವಿರುವವರೆಗೂ ಅದರೊಳಗೆ ಕಡ್ಡಿಯನ್ನೋ ಸಿಡಿಮದ್ದನ್ನೋ ತೂರಿಸಲು ಅವಕಾಶವಿರುತ್ತದೆ; ಆದುದರಿಂದ ರಂಧ್ರವನ್ನೇ ಇಲ್ಲವಾಗಿಸಬೇಕು. ೧೮೬೦ರ ದಶಕದಲ್ಲಿ ಆತನು ಬ್ಯಾಂಕುಗಳಿಗಾಗಿ ಡಯಲ್ಲಿನ ಅಂಕಿಬೀಗಗಳನ್ನು ರಚಿಸಿದನು. ಅದೇ ಕಾಲದ ಜೇಮ್ಸ್ ಸಾರ್ಜೆಂಟನು ೧೮೫೭ರಲ್ಲಿಯೇ ಒಡೆಯನು ತನಗೆ ಬೇಕೆನಿಸಿದಾಗ ಅಂಕಿಗಳನ್ನು ಬದಲಿಸಬಹುದಾದ ಅಂಕಿಬೀಗವನ್ನು ಸಾಧಿಸಿದ್ದನು. ಕೆಲಸದವನು ಬದಲಾದರೆ ಬೀಗವನ್ನೇ ಬದಲಿಸಬೇಕಾದ ತೊಂದರೆ ಇದರಿಂದ ತಪ್ಪಿತು.

ಅಂಕಿಯನ್ನು ಬಲ್ಲವನ ಸಂಕಟ

ಬೀಗದಕೈ ಹೋಗಿ ಅಂಕಿ ಬಂದುದರಿಂದ ಒಂದು ಹೊಸ ಅಪಾಯವು ತಲೆದೋರಿತು. ಕೈಯನ್ನು ಕದಿಯಬೇಕಾಗಿದ್ದ ಕಳ್ಳನು ಈಗ ಅಂಕಿಯನ್ನು ಬಲ್ಲ ಮನುಷ್ಯನನ್ನೇ ಹಿಡಿಯತೊಡಗಿದನು. ೧೮೭೬ರ ಜನವರಿ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಊರಿನಲ್ಲಿ ಮುಸುಕುಧಾರಿಗಳ ತಂಡವೊಂದು ಬ್ಯಾಂಕಿನ ಖಜಾಂಚಿಯ ಮನೆಗೆ ರಾತ್ರಿ ನುಗ್ಗಿ ಮನೆಯವರನ್ನೆಲ್ಲ ಕಟ್ಟಿಹಾಕಿತು. ಖಜಾಂಚಿಯು ಮೊದಲು ಸುಳ್ಳು ಅಂಕಿಗಳನ್ನು ಹೇಳಿದನು. ಕಳ್ಳರು ಅವನ್ನು ಬರೆದುಕೊಂಡು, ಸ್ವಲ್ಪ ಹೊತ್ತಿನ ಅನಂತರ ಮತ್ತೊಮ್ಮೆ ಹೇಳೆಂದರು. ಸುಳ್ಳನ್ನು ಎರಡನೆಯ ಸಲ ಹಾಗೆಯೇ ಹೇಳಲು ಆತನಿಂದಾಗಲಿಲ್ಲ. ಹಿಂಸೆಯನ್ನು ತಾಳಲಾರದೆ ಕೊನೆಗೆ ನಿಜವನ್ನು ನುಡಿದನು. ಹತ್ತು ಲಕ್ಷ ಡಾಲರುಗಳಿಗೂ ಮೀರಿದ ಹಣ ಮತ್ತು ಪತ್ರಗಳು ಆ ರಾತ್ರಿ ಕಳುವಾದವು. ಉಕ್ಕು ಸೋಲಲಿಲ್ಲ, ಸೋತುದು ಮಾನವದೇಹ.

ಇದಕ್ಕೆ ಪರಿಹಾರವನ್ನು ಸಾರ್ಜೆಂಟನು ಮೊದಲೇ ಕಂಡುಕೊಂಡಿದ್ದನು. ೧೮೭೩ರಲ್ಲಿ ಆತನು ಗಡಿಯಾರವನ್ನು ಬೀಗದೊಳಗೆ ಸೇರಿಸಿ ಕಾಲಬೀಗವನ್ನು ನಿರ್ಮಿಸಿದನು. ಗೊತ್ತುಪಡಿಸಿದ ಹೊತ್ತು ಬರುವವರೆಗೆ ಸರಿಯಾದ ಅಂಕಿಯನ್ನು ತಿರುಗಿಸಿದರೂ ಬಾಗಿಲು ತೆರೆಯದು. ೧೮೭೪ರಲ್ಲಿ ಇಲಿನಾಯ್ ರಾಜ್ಯದ ಮಾರಿಸನ್ ಊರಿನ ಬ್ಯಾಂಕೊಂದರಲ್ಲಿ ಅದನ್ನು ಅಳವಡಿಸಲಾಯಿತು. ನಾರ್ಥಾಂಪ್ಟನ್ನಿನ ದರೋಡೆಯ ತರುವಾಯ ಅನೇಕ ಬ್ಯಾಂಕುಗಳು ಅದರ ಅಗತ್ಯವನ್ನು ಮನಗಂಡವು. ಖಜಾಂಚಿಯೇ ತೆರೆಯಲಾರದ ಬಾಗಿಲಿಗಾಗಿ ಖಜಾಂಚಿಯನ್ನು ಹಿಂಸಿಸಿ ಪ್ರಯೋಜನವಿಲ್ಲವಷ್ಟೆ. ಬೀಗವು ಸಂಪತ್ತನ್ನು ಮಾತ್ರವಲ್ಲದೆ ಅದನ್ನು ಕಾಯುವ ಮನುಷ್ಯನನ್ನೂ ರಕ್ಷಿಸಬೇಕೆಂಬ ವಿಚಾರವು ಇಲ್ಲಿ ಪ್ರಥಮವಾಗಿ ಯಂತ್ರರೂಪವನ್ನು ತಾಳಿತು.

ಭಾರತದಲ್ಲಿ ಈ ಕಸುಬಿಗೆ ಹೊಸ ತಿರುವು ಕೊಟ್ಟವರು ಆರ್ದೇಶಿರ್ ಗೋದ್ರೆಜ್. ವಕೀಲಿ ವೃತ್ತಿಯನ್ನು ತೊರೆದು ಅವರು ೧೮೯೭ರಲ್ಲಿ ಮುಂಬಯಿಯಲ್ಲಿ ಬೀಗ ತಯಾರಿಕೆಯನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ತಿಜೋರಿಗಳ ತಯಾರಿಕೆಗೂ ಕೈಹಾಕಿದರು. ವಿದೇಶದಿಂದಲೇ ತರಿಸಬೇಕಾಗಿದ್ದ ಉಕ್ಕಿನ ತಿಜೋರಿಯು ಹೀಗೆ ಸ್ವದೇಶದ ವಸ್ತುವಾಗಿ ವರ್ತಕರ ಅಂಗಡಿಗಳನ್ನೂ ಗೃಹಸ್ಥರ ಮನೆಗಳನ್ನೂ ಪ್ರವೇಶಿಸಿತು.

ಬೀಗದ ಒಳಗಿನ ರಚನೆ

ಅಂಕಿಬೀಗದ ಹೊರಗೆ ಕಾಣುವುದು ಸಾಮಾನ್ಯವಾಗಿ ೧೦೦ ಗೆರೆಗಳಿರುವ ದುಂಡನೆಯ ಡಯಲ್ ಮಾತ್ರ. ಬಾಗಿಲಿನ ದಪ್ಪವನ್ನು ಹಾಯ್ದು ಹೋಗುವ ಒಂದು ದಂಡವು ಅದನ್ನು ಒಳಗಿನ ಚಾಲಕಚಕ್ರಕ್ಕೆ ಜೋಡಿಸುತ್ತದೆ. ಚಾಲಕಚಕ್ರದ ಪಕ್ಕದಲ್ಲಿ ಮೂರು, ಕೆಲವೊಮ್ಮೆ ನಾಲ್ಕು, ಹಿತ್ತಾಳೆಯ ಬಿಲ್ಲೆಗಳು ಒಂದರ ಪಕ್ಕದಲ್ಲೊಂದು ಬಿಡಿಯಾಗಿ ತಿರುಗುತ್ತವೆ. ಪ್ರತಿಯೊಂದು ಬಿಲ್ಲೆಯ ಅಂಚಿನಲ್ಲಿಯೂ ಒಂದು ಕಚ್ಚು ಇರುತ್ತದೆ. ಚಾಲಕಚಕ್ರದ ಗೂಟವು ಮೊದಲ ನೆರೆಯ ಬಿಲ್ಲೆಯನ್ನು ತಳ್ಳುತ್ತದೆ. ಆ ಬಿಲ್ಲೆಯು ತನ್ನ ಮುಂದಿನದನ್ನು, ಅದು ಕೊನೆಯದನ್ನು ತಳ್ಳುತ್ತದೆ. ಎಲ್ಲವೂ ಒಂದಕ್ಕೊಂದು ತಾಗಿ ಒಟ್ಟಿಗೆ ತಿರುಗಬೇಕಾದರೆ ಡಯಲನ್ನು ಹಲವು ಸುತ್ತು ತಿರುಗಿಸಬೇಕು. ಆದುದರಿಂದಲೇ ಮೂರು ಬಿಲ್ಲೆಗಳ ಬೀಗದಲ್ಲಿ ಮೊದಲ ಅಂಕಿಗೆ ಒಂದು ದಿಕ್ಕಿನಲ್ಲಿ ನಾಲ್ಕು ಬಾರಿ, ಎರಡನೆಯದಕ್ಕೆ ವಿರುದ್ಧ ದಿಕ್ಕಿನಲ್ಲಿ ಮೂರು ಬಾರಿ, ಮೂರನೆಯದಕ್ಕೆ ಮತ್ತೆ ಮೊದಲಿನ ದಿಕ್ಕಿನಲ್ಲಿ ಎರಡು ಬಾರಿ ಬರಬೇಕೆಂಬ ಕ್ರಮವು ರೂಢಿಯಲ್ಲಿದೆ. ಅತಿ ದೂರದ ಬಿಲ್ಲೆಯನ್ನು ಮೊದಲು ನೆಲೆಗೊಳಿಸಿ, ಹತ್ತಿರದವನ್ನು ಅನಂತರ ನೆಲೆಗೊಳಿಸುವುದೇ ಇದರ ಮರ್ಮ.

ಮೂರೂ ಕಚ್ಚುಗಳು ಒಂದೇ ಸಾಲಿನಲ್ಲಿ ಬಂದಾಗ, ಅವುಗಳ ಮೇಲೆ ಕಾದಿರುವ ಸನ್ನೆಯ ಅಡ್ಡಪಟ್ಟಿಯು ಆ ಸಾಲಿನೊಳಗೆ ಬೀಳುತ್ತದೆ. ಸನ್ನೆಯ ಮೂಗು ಚಾಲಕಚಕ್ರದ ಕಚ್ಚಿನಲ್ಲಿ ಸಿಕ್ಕಿ, ಡಯಲನ್ನು ಇನ್ನಷ್ಟು ತಿರುಗಿಸಿದಂತೆ ಅಗುಳಿಯನ್ನು ಹಿಂದಕ್ಕೆ ಸೆಳೆಯುತ್ತದೆ. ಈ ಸಣ್ಣ ಅಗುಳಿ ಸರಿದ ಮೇಲೆಯೇ ಬಾಗಿಲಿನ ದೊಡ್ಡ ಹಿಡಿಯನ್ನು ತಿರುಗಿಸಿ ಸುತ್ತಲಿನ ದಪ್ಪ ಸಲಾಕೆಗಳನ್ನು ಒಳಗೆಳೆಯಬಹುದು.

ನೂರು ಗೆರೆಗಳ ಮೂರು ಅಂಕಿಗಳಿಂದ ೧೦ ಲಕ್ಷ ಜೋಡಣೆಗಳಾಗುತ್ತವೆಂಬುದು ಲೆಕ್ಕದ ಮಾತು. ವಾಸ್ತವದಲ್ಲಿ ಕಚ್ಚುಗಳಿಗೆ ತುಸು ಸಡಿಲವಿರುವುದರಿಂದ ಅಷ್ಟಿರುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲಾಸ್ ಅಲಾಮೋಸಿನ ಅಣುಸಂಶೋಧನಾ ಕೇಂದ್ರದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು, ಅಲ್ಲಿಯ ಬೀಗಗಳು ಎರಡು ಗೆರೆ ಹಿಂದುಮುಂದಾದರೂ ತೆರೆಯುವುದನ್ನು ಕಂಡರು. ಹಾಗಾದರೆ ಪ್ರತಿ ಬಿಲ್ಲೆಗೆ ೨೦ ಪ್ರಯತ್ನ, ಮೂರಕ್ಕೂ ೮,೦೦೦ ಪ್ರಯತ್ನ ಸಾಕು. ಬೀಗವು ತೆರೆದಿರುವಾಗ ಕೈಯಾಡಿಸಿದರೆ ಕೊನೆಯ ಎರಡು ಅಂಕಿಗಳು ತಿಳಿಯುತ್ತವೆಂಬುದನ್ನೂ ಅವರು ಕಂಡುಹಿಡಿದರು. ಉಳಿದುದು ೨೦ ಪ್ರಯತ್ನ ಮಾತ್ರ. ಸಹೋದ್ಯೋಗಿಯೊಬ್ಬರ ಕಪಾಟುಗಳು ಗಣಿತದಲ್ಲಿ ಪ್ರಸಿದ್ಧವಾದ ಸ್ಥಿರಾಂಕವೊಂದರ ಅಂಕಿಗಳಿಂದ, ಅಂದರೆ ೨೭-೧೮-೨೮ರಿಂದ, ತೆರೆದವು. ಒಂಬತ್ತು ಕಪಾಟುಗಳಿಗೂ ಅದೇ ಅಂಕಿ. ಇನ್ನೊಂದು ತಿಜೋರಿಯು ಕಾರ್ಖಾನೆಯಿಂದ ಬಂದಾಗ ಇದ್ದ ಅಂಕಿಯಲ್ಲೇ ಉಳಿದಿತ್ತು. ಬದಲಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬೀಗವು ಎಷ್ಟೇ ಬಲವಾಗಿರಲಿ, ಅದರ ಬಲವು ಅದನ್ನು ಬಳಸುವವನ ಎಚ್ಚರವನ್ನು ಮೀರಲಾರದು.

ಮರೆತ ಅಂಕಿಯ ಶೋಧ

ಹಳೆಯ ಮನೆಯ ಭಂಡಾರದ ಬಾಗಿಲು ಮುಚ್ಚಿಯೇ ಸಿಕ್ಕಿದರೆ ಅಂಕಿಯನ್ನು ಹುಡುಕುವುದು ಪ್ರಥಮ ಕರ್ತವ್ಯ. ಕಟ್ಟಿಸಿದವರು ಅದನ್ನು ಎಲ್ಲಿಯಾದರೂ ಬರೆದಿಟ್ಟಿರುವ ಸಂಭವವಿರುತ್ತದೆ: ಮೇಜಿನ ಖಾನೆಯ ಅಡಿಯಲ್ಲಿ, ಕುಟುಂಬದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ, ಮರಣಶಾಸನದ ಲಕೋಟೆಯಲ್ಲಿ. ಅದು ಫಲಿಸದಿದ್ದರೆ ಕುಶಲಕರ್ಮಿಯು ಹಾಬ್ಸನ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಚಾಲಕಚಕ್ರದ ಕಚ್ಚಿನ ಎರಡು ಬದಿಗಳಿಗೂ ಸನ್ನೆಯ ಮೂಗು ತಾಗುವ ಸ್ಥಾನಗಳನ್ನು ಡಯಲ್ಲಿನ ಮೇಲೆ ಬಹು ಸೂಕ್ಷ್ಮವಾಗಿ ಓದುತ್ತಾರೆ. ಯಾವುದಾದರೂ ಬಿಲ್ಲೆಯ ಕಚ್ಚು ಅಡ್ಡಪಟ್ಟಿಯ ಕೆಳಗೆ ಬಂದರೆ, ಸನ್ನೆಯು ಕೂದಲೆಳೆಯಷ್ಟು ಹೆಚ್ಚು ಇಳಿಯುತ್ತದೆ. ಆ ಎರಡು ಸ್ಥಾನಗಳ ಅಂತರವು ಅಷ್ಟೇ ಕಿರಿದಾಗುತ್ತದೆ. ಡಯಲನ್ನು ಎರಡೂವರೆ ಗೆರೆಗಳಷ್ಟು ಮುಂದಿಡುತ್ತ ಈ ಅಳತೆಗಳನ್ನು ಕಾಗದದ ಮೇಲೆ ರೇಖಾಚಿತ್ರವಾಗಿ ಬರೆದರೆ, ತಗ್ಗುಬಿದ್ದ ಜಾಗದಲ್ಲಿ ಅಂಕಿಯು ತಾನಾಗಿ ಕಾಣಿಸಿಕೊಳ್ಳುತ್ತದೆ. ಗಂಟೆಗಟ್ಟಲೆ ನಡೆಯುವ ಈ ಕೆಲಸಕ್ಕೆ ಬಲ ಬೇಡ. ತಾಳ್ಮೆ, ನಿಶ್ಶಬ್ದ ಮತ್ತು ಪ್ರಾಮಾಣಿಕವಾದ ಟಿಪ್ಪಣಿ ಬೇಕು.

ಅದೂ ಸಾಧ್ಯವಾಗದಾಗ, ಬೀಗದ ರಚನೆಯನ್ನು ಬಲ್ಲವರು ಗೊತ್ತಾದ ಒಂದೇ ಸ್ಥಳದಲ್ಲಿ ಸಣ್ಣ ರಂಧ್ರವನ್ನು ಕೊರೆದು, ಅದರ ಮೂಲಕ ಬಿಲ್ಲೆಗಳನ್ನು ನೋಡಿ ಜೋಡಿಸುತ್ತಾರೆ. ಅನಂತರ ಗಟ್ಟಿ ಉಕ್ಕಿನಿಂದ ಆ ರಂಧ್ರವನ್ನು ಮುಚ್ಚುತ್ತಾರೆ. ಸುತ್ತಿಗೆಯಿಂದ ಡಯಲನ್ನು ಒಡೆದರೆ ಅನೇಕ ಬಾಗಿಲುಗಳಲ್ಲಿ ಅಡಗಿರುವ ಮರುಬೀಗವು ಜಿಗಿದು ಸಲಾಕೆಗಳನ್ನು ಶಾಶ್ವತವಾಗಿ ಬಂಧಿಸುತ್ತದೆ. ಇದಕ್ಕಿಂತ ದೊಡ್ಡ ಅಪಾಯವೂ ಉಂಟು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಕೆಲವು ತಿಜೋರಿಗಳ ಬಾಗಿಲೊಳಗೆ ಕಳ್ಳರನ್ನು ಓಡಿಸಲೆಂದು ಕ್ಲೋರೋಪಿಕ್ರಿನ್ ಎಂಬ ಕಣ್ಣೀರುಬರಿಸುವ ವಿಷದ್ರವದ ಗಾಜಿನ ನಳಿಕೆಗಳನ್ನು ಇಡುತ್ತಿದ್ದರು. ಅವು ಇಂದಿಗೂ ಒಡೆಯದೆ ಉಳಿದಿರುವುದುಂಟು. ಬೆಂಕಿಯನ್ನು ತಡೆಯಲು ಗೋಡೆಯಲ್ಲಿ ತುಂಬಿದ ಪದಾರ್ಥದಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಸೇರಿರಬಹುದು. ಆದುದರಿಂದ ಹಳೆಯ ಬಾಗಿಲನ್ನು ಅರಿಯದವನು ಮುಟ್ಟಬಾರದು.

ಒಡೆದು ತೆರೆಯುವುದು ಕೊನೆಯ ಉಪಾಯವೆಂಬುದಕ್ಕೆ ಭಾರತದಲ್ಲಿಯೇ ಇತ್ತೀಚಿನ ದೃಷ್ಟಾಂತವಿದೆ. ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ಒಳಕೋಣೆಯ ಬೀಗದಕೈ ಕಾಣೆಯಾಗಿರುವುದು ೨೦೧೮ರಲ್ಲಿ ಬೆಳಕಿಗೆ ಬಂದಿತು. ೨೦೨೪ರ ಜುಲೈ ೧೪ರಂದು ಭಂಡಾರವನ್ನು ತೆರೆದಾಗ, ದೊರೆತಿದ್ದ ಬದಲಿ ಕೈಗಳು ಹೊಂದದೆ ಒಳಕೋಣೆಯ ಬೀಗಗಳನ್ನು ಕತ್ತರಿಸಬೇಕಾಯಿತು. ಅಲ್ಲಿದ್ದುದು ಅಂಕಿಬೀಗವಲ್ಲ, ಆದರೆ ಪ್ರಶ್ನೆ ಅದೇ. ಕಾಪಾಡುವ ಸಾಧನವನ್ನು ಕಾಪಾಡುವವರಾರು?

ಜೀರ್ಣೋದ್ಧಾರದ ಕ್ರಮ

ಬಾಗಿಲು ತೆರೆದ ಮೇಲೆ ನಿಜವಾದ ಕೆಲಸವು ಪ್ರಾರಂಭವಾಗುತ್ತದೆ. ಮೊದಲು ಪರೀಕ್ಷಿಸಬೇಕಾದುದು ಬೀಗವನ್ನಲ್ಲ, ಬಾಗಿಲನ್ನು. ತೂಕದಿಂದ ಕೀಲುಗಳು ಜಗ್ಗಿ ಬಾಗಿಲು ತುಸು ಇಳಿದರೆ ಸಲಾಕೆಗಳು ಚೌಕಟ್ಟಿಗೆ ಉಜ್ಜುತ್ತವೆ. ಆಗ ಸರಿಯಿರುವ ಬೀಗದ ಮೇಲೆಯೇ ತಪ್ಪು ಹೊರಿಸುವುದು ಸಾಮಾನ್ಯ. ಅದಾದ ಮೇಲೆ ಬೀಗದ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು, ಪ್ರತಿಯೊಂದು ಭಾಗವನ್ನೂ ಕಳಚುವ ಮೊದಲೇ ಛಾಯಾಚಿತ್ರದಲ್ಲಿ ದಾಖಲಿಸಿ, ಬಿಲ್ಲೆಗಳ ಕ್ರಮವನ್ನೂ ಯಾವ ಮುಖ ಯಾವ ಕಡೆಗಿದೆಯೆಂಬುದನ್ನೂ ಬರೆದಿಡಬೇಕು. ಬಿಲ್ಲೆಗಳ ನಡುವಣ ತೆಳುವಾದ ವಾಷರುಗಳು ಅದಲುಬದಲಾದರೂ ಬೀಗವು ಮೊದಲಿನಂತೆ ನಡೆಯದು.

ಹಳೆಯ ಅಂಕಿಬೀಗದ ದೊಡ್ಡ ಶತ್ರು ತುಕ್ಕಲ್ಲ. ಒಳ್ಳೆಯ ಉದ್ದೇಶದಿಂದ ಹಾಕಿದ ಎಣ್ಣೆ. ಅದು ಕಾಲಕ್ರಮೇಣ ಧೂಳನ್ನು ಹೀರಿ ಅಂಟಾಗಿ, ಒಂದು ಬಿಲ್ಲೆಯನ್ನು ಇನ್ನೊಂದಕ್ಕೆ ಹತ್ತಿಸುತ್ತದೆ. ನಿಲ್ಲಬೇಕಾದ ಬಿಲ್ಲೆಯು ಪಕ್ಕದ ಬಿಲ್ಲೆಯೊಡನೆ ಸರಿದು, ಸರಿಯಾದ ಅಂಕಿಯನ್ನು ತಿರುಗಿಸಿದರೂ ಕಚ್ಚುಗಳು ಸಾಲುಗೂಡುವುದಿಲ್ಲ. ಈ ಅಂಟನ್ನು ತಕ್ಕ ದ್ರಾವಕದಿಂದ ಕರಗಿಸಿ, ಮೃದುವಾದ ಕುಂಚದಿಂದ ತೊಳೆದು ಒಣಗಿಸಬೇಕು. ಹಿತ್ತಾಳೆಯನ್ನು ಮರಳುಕಾಗದದಿಂದ ಉಜ್ಜಿ ಹೊಳೆಯಿಸುವುದು ಮಹಾಪ್ರಮಾದ. ಬಿಲ್ಲೆಯ ಅಂಚು ಕೂದಲೆಳೆಯಷ್ಟು ಸವೆದರೂ ಬೀಗದ ನಡೆ ಕೆಡುತ್ತದೆ. ತೊಳೆದ ಬಿಲ್ಲೆಗಳಿಗೆ ಮತ್ತೆ ಎಣ್ಣೆ ಹಾಕಬಾರದು. ಅಗುಳಿ ಜಾರುವ ಜಾಗಕ್ಕೆ ಮಾತ್ರ ಅತ್ಯಲ್ಪ ಗ್ರೀಸು ಸಾಕು. ಸನ್ನೆಯ ಸ್ಪ್ರಿಂಗು ಸೋತಿದೆಯೇ, ಗೂಟಗಳು ಬಾಗಿವೆಯೇ, ದಂಡವನ್ನು ಚಾಲಕಚಕ್ರಕ್ಕೆ ಬಿಗಿಯುವ ಬೆಣೆಯು ಸಡಿಲವಾಗಿದೆಯೇ ಎಂಬುದನ್ನು ನೋಡಬೇಕು. ಬೆಣೆ ಸಡಿಲವಾದರೆ ಡಯಲ್ಲಿನ ಅಂಕಿಗೂ ಒಳಗಿನ ಬಿಲ್ಲೆಗೂ ಇರುವ ಸಂಬಂಧವೇ ತಪ್ಪಿಹೋಗುತ್ತದೆ.

ಜೋಡಿಸಿದ ಅನಂತರ ಹೊಸ ಅಂಕಿಯನ್ನು ಇಡುವಾಗ ಜನ್ಮದಿನ, ಮನೆಯ ನಂಬರು ಮುಂತಾದ ಊಹಿಸಬಹುದಾದವನ್ನು ಬಿಡಬೇಕು. ಬಾಗಿಲನ್ನು ತೆರೆದಿಟ್ಟು, ಸಲಾಕೆಗಳನ್ನು ಹೊರಚಾಚಿ, ಅಂಕಿಯನ್ನು ಕನಿಷ್ಠ ಮೂರು ಬಾರಿ ತಪ್ಪದೆ ತಿರುಗಿಸಿ ನೋಡುವವರೆಗೆ ಬಾಗಿಲನ್ನು ಮುಚ್ಚಬಾರದೆಂಬುದು ಈ ಕಸುಬಿನ ಮೊದಲ ನಿಯಮ. ಇದನ್ನು ಮರೆತವರು ತಾವೇ ದುರಸ್ತಿ ಮಾಡಿದ ಬಾಗಿಲನ್ನು ತಾವೇ ಕೊರೆಯಬೇಕಾಗುತ್ತದೆ.

ಯಾವುದಾದರೂ ಭಾಗವನ್ನು ಬದಲಿಸಲೇಬೇಕಾದರೆ, ಹಳೆಯದನ್ನು ಎಸೆಯದೆ ಹೆಸರು ಬರೆದು ಭಂಡಾರದಲ್ಲಿಯೇ ಇಡುವುದು ಉಚಿತ. ಅಮೂಲ್ಯ ವಸ್ತುಗಳನ್ನು ನಿಜವಾಗಿ ಕಾಯಬೇಕಾದ ಸಂದರ್ಭದಲ್ಲಿ ಹಳೆಯ ಡಯಲನ್ನು ಉಳಿಸಿಕೊಂಡು ಒಳಗೆ ಹೊಸ ಬೀಗವನ್ನು ಕೂರಿಸುವುದೂ ಉಂಟು. ಜೀರ್ಣೋದ್ಧಾರವೆಂದರೆ ಹಳೆಯದನ್ನು ಹೊಸದಾಗಿ ಕಾಣಿಸುವುದಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಮತ್ತೆ ಮಾಡುವಂತೆ ಅಣಿಗೊಳಿಸುವುದು.

ಇಷ್ಟೆಲ್ಲ ಆದ ಮೇಲೆ ಒಂದು ಕಾರ್ಯ ಉಳಿಯುತ್ತದೆ. ಅಂಕಿಯನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು, ಮನೆಯ ನಂಬುಗೆಯ ಇಬ್ಬರಿಗಾದರೂ ಅದು ಇರುವ ಸ್ಥಳವನ್ನು ತಿಳಿಸಬೇಕು. ಒಬ್ಬನೇ ಬಲ್ಲ ಅಂಕಿಯು ಅವನ ಉಸಿರಿನೊಡನೆ ಹೋಗುತ್ತದೆ. ಎಲ್ಲರೂ ಬಲ್ಲ ಅಂಕಿಯು ಅಂಕಿಯೇ ಅಲ್ಲ. ಇವೆರಡರ ನಡುವೆ ತಕ್ಕವರನ್ನು ಆರಿಸಿ ಒಪ್ಪಿಸುವ ವಿವೇಕವನ್ನು ಯಾವ ಶಿಲ್ಪಿಯೂ ಬೀಗದೊಳಗೆ ಕೂರಿಸಿಕೊಡಲಾರನು. ಅದು ಮನೆಯವರಲ್ಲಿಯೇ ಇರಬೇಕು.